ಸತ್ತವನನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದ ಸಿನಿಮಾ

ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಹಾಗಿದ್ದೂ ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಜಾಲಹಳ್ಳಿಯ ಆಚೆ ಅಬ್ಬಿಗೆರೆ ರಸ್ತೆಯಲ್ಲಿದ್ದ ನಮ್ಮ ಫ್ಯಾನ್ ಕಾರ್ಖಾನೆಯಲ್ಲಿ ಇಂಗ್ಲಿಷ್ ಸಿನಿಮಾ ಹಾಕಿದಾಗಲೆಲ್ಲ ಅದನ್ನು ಮೈಕಿನಲ್ಲಿ ಕನ್ನಡದಲ್ಲಿ ಹೇಳುತ್ತಿದ್ದವಳು ನಾನೇ. ಆ ಸಿನಿಮಾ ತೆಗೆದವರು ಯಾರಾದರೂ ಕನ್ನಡ ಕಲಿತು ನಮ್ಮ ಮೈದಾನಕ್ಕೆ ಬಂದು ಕೂತಿದ್ದರೆ, ತಮ್ಮದೇ ಸಿನಿಮಾವನ್ನು ಮೊದಲ ಸಲ ನೋಡುತ್ತಿದ್ದೇವೆ ಎಂದುಕೊಳ್ಳುತ್ತಿದ್ದರು.

ಕಾರ್ಖಾನೆಗೆ ಒಂದು ಮನರಂಜನಾ ಕ್ಲಬ್ ಇತ್ತು. ತಿಂಗಳ ಮೊದಲ ಶನಿವಾರ ಸಂಜೆ, ಶಿಫ್ಟ್ ಬಿಟ್ಟ ಮೇಲೆ, ವಾಲಿಬಾಲ್ ಕೋರ್ಟಿನ ಕಂಬಗಳ ನಡುವೆ ಬಿಳಿ ಪರದೆ ಕಟ್ಟಿ ಸಿನಿಮಾ ತೋರಿಸುತ್ತಿದ್ದರು. ಗಂಡಸರಿಗೆ ಬಲಗಡೆ ಜಮಖಾನ, ಹೆಂಗಸರಿಗೆ ಎಡಗಡೆ, ಮುಂದೆ ಸಾಹೇಬರುಗಳಿಗೆ ಕುರ್ಚಿ. ಗಾಂಧಿನಗರದ ಏಜೆನ್ಸಿಯಲ್ಲಿ ಕನ್ನಡ ಸಿನಿಮಾದ ಬಾಡಿಗೆ ಜಾಸ್ತಿ. ಯಾರೂ ಕೇಳದ ಹಳೆಯ ಇಂಗ್ಲಿಷ್ ಸಿನಿಮಾಗಳು ಅಗ್ಗ. ಹೀಗಾಗಿ ನಮ್ಮ ಪಾಲಿಗೆ ಹೆಚ್ಚಾಗಿ ಅವೇ ಬರುತ್ತಿದ್ದವು. ಅವುಗಳಿಗೆ ವಿವರಣೆ ಕೊಡಲು ಮೊದಲು ಲೆಕ್ಕಪತ್ರ ವಿಭಾಗದ ಒಬ್ಬರನ್ನು ಕೂರಿಸಿದ್ದರು. ಆತ ‘ಅವನು ಬಂದ, ಅವಳು ಹೋದಳು’ ಎಂದು ಎಲ್ಲರ ಕಣ್ಣಿಗೂ ಕಾಣುತ್ತಿದ್ದುದನ್ನೇ ಹೇಳುತ್ತಿದ್ದ. ಜನ ಕಡಲೆಕಾಯಿ ಸಿಪ್ಪೆ ಎಸೆದರು. ಗಣೇಶನ ಹಬ್ಬದಲ್ಲಿ ಮೈಕು ಕೈಕೊಟ್ಟಾಗ ಬರೀ ಬಾಯಲ್ಲೇ ಕಾರ್ಯಕ್ರಮ ನಡೆಸಿದ್ದ ನನ್ನ ಗಂಟಲು ಆಗ ಕ್ಲಬ್ಬಿನವರಿಗೆ ನೆನಪಾಯಿತು.

ನಾನು ಗದಗದ ಕಡೆಯವಳು. ಪಿಯುಸಿ ಮುಗಿಸಿ, ಬಾಗಲಗುಂಟೆಯಲ್ಲಿದ್ದ ಅಣ್ಣನ ಮನೆ ಸೇರಿ, ಈ ಕಾರ್ಖಾನೆಯಲ್ಲಿ ಕಾಯಿಲ್ ಸುತ್ತುವ ಕೆಲಸ ಹಿಡಿದಿದ್ದೆ. ಮೈಕು ಕೈಗೆ ಬಂದ ಮೇಲೆ ನನ್ನದೇ ಒಂದು ಪದ್ಧತಿ ಮಾಡಿಕೊಂಡೆ. ಏಜೆನ್ಸಿಯವರು ರೀಲಿನ ಡಬ್ಬಿಯ ಜೊತೆ ಒಂದು ಹಾಳೆಯಲ್ಲಿ ಕಥೆ ಅಚ್ಚು ಹಾಕಿಸಿ ಕಳಿಸುತ್ತಿದ್ದರು. ಅದನ್ನು ಡಿಕ್ಷನರಿ ಇಟ್ಟುಕೊಂಡು ಓದುವುದು, ಅರ್ಥವಾದಷ್ಟನ್ನು ಹೇಳುವುದು, ಆಗದಲ್ಲಿ ಕೈಯಿಂದ ಹಾಕುವುದು. ಆ ಹಾಳೆ ಎಂದೂ ಕಥೆಯ ಕೊನೆ ಹೇಳುತ್ತಿರಲಿಲ್ಲ. ‘ಮುಂದೇನಾಯಿತು? ಪರದೆಯ ಮೇಲೆ ನೋಡಿ’ ಎಂದು ನಿಂತುಬಿಡುತ್ತಿತ್ತು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ವಿಜ್ಞಾನದ ಸಿನಿಮಾ ಬಂದರೆ ನನಗೆ ಹಬ್ಬ. ಮನೆತನದ ಕಥೆಯಲ್ಲಿ ಸುಳ್ಳು ಹೇಳಿದರೆ ಸಿಕ್ಕಿಬೀಳುತ್ತೇವೆ. ಆದರೆ ಚಂದ್ರನ ಆಚೆಗಿನ ಊರಿನಲ್ಲಿ ಏನು ನಡೆಯುತ್ತದೆ ಎಂದು ಯಾರಿಗೆ ಗೊತ್ತು? ಮನುಷ್ಯರಿಗೆಲ್ಲ ಬೆಂಗಳೂರಿನ ಮಾತು, ಯಂತ್ರಗಳಿಗೆಲ್ಲ ನಮ್ಮ ಕಡೆಯ ಮಾತು ಕೊಟ್ಟಿದ್ದೆ. ಲೋಹದ ಕೈಯೊಂದು ಮನುಷ್ಯನ ಕುತ್ತಿಗೆಗೆ ಬಂದು, ‘ಏ ತಮ್ಮಾ, ಸುಮ್ಮ ಕುಂಡ್ರಲೇ’ ಎಂದಾಗ ಮೈದಾನ ಕೂಗಿಕೊಳ್ಳುತ್ತಿತ್ತು. ನಮ್ಮ ಕಡೆಯವರನ್ನು ರಾಕ್ಷಸರನ್ನಾಗಿ ಮಾಡುತ್ತೀಯಲ್ಲ ಎಂದು ಧಾರವಾಡ, ಬಿಜಾಪುರದ ಕಡೆಯ ಲೇತ್ ಕೆಲಸಗಾರರು ಜಗಳಕ್ಕೆ ಬಂದರು. ಯಂತ್ರಕ್ಕೆ ಖಡಕ್ ಮಾತೇ ಒಪ್ಪುತ್ತದೆ ಎಂದು ಸಮಾಧಾನ ಹೇಳಿ ಕಳಿಸಿದೆ. ಹೆಮ್ಮೆಯಿಂದಲೇ ಹೋದರು.

ಈ ಸಿನಿಮಾಗಳನ್ನು ಹೇಳುತ್ತಾ ಹೇಳುತ್ತಾ ಅವುಗಳ ಗುಟ್ಟು ನನಗೆ ತಿಳಿದುಬಿಟ್ಟಿತ್ತು. ಮೊದಲರ್ಧ ‘ಆಹಾ’, ಉಳಿದರ್ಧ ‘ಅಯ್ಯೋ’. ಮನುಷ್ಯ ತನ್ನ ಅನುಕೂಲಕ್ಕೆಂದು ಏನೋ ಒಂದು ಮಾಡುತ್ತಾನೆ, ಅದು ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅವನ ಮೇಲೇ ಬರುತ್ತದೆ. ಬಿಳಿ ಕೋಟು ಹಾಕಿಕೊಂಡು ‘ಇನ್ನು ಮನುಷ್ಯನಿಗೆ ಯಾವ ತೊಂದರೆಯೂ ಇಲ್ಲ’ ಎಂದವನು ಇಂಟರ್ವಲ್ ದಾಟಿ ಬದುಕಿದ್ದನ್ನು ನಾನು ಕಂಡಿಲ್ಲ. ಹೆಂಗಸರ ಜಮಖಾನದಲ್ಲಿ ಬೇರೆಯೇ ಪ್ರಶ್ನೆಗಳು. ಮುಂದಿನ ಕಾಲದವರೆಲ್ಲ ಮೈಗೆ ಅಂಟುವ ಬೆಳ್ಳಿ ಬಣ್ಣದ ಬಟ್ಟೆ ಯಾಕೆ ಹಾಕುತ್ತಾರೆ, ಅದನ್ನು ಒಗೆಯುವವರು ಯಾರು, ಬಾಣಂತಿ ಎಲ್ಲಿ ಮಲಗುತ್ತಾಳೆ. ಮುಂದಿನ ಕಾಲದಲ್ಲಿ ಅಡುಗೆಮನೆ ಇರುವುದಿಲ್ಲ ಎಂಬುದೊಂದೇ ಅವರೆಲ್ಲ ಒಪ್ಪಿದ ಪ್ರಗತಿ.

ಇಷ್ಟು ನಗುತ್ತಿದ್ದವರ ಮನೆ ಬಾಗಿಲಿಗೇ ಒಂದು ಯಂತ್ರ ಬರುತ್ತದೆ ಎಂದು ಸುದ್ದಿಯಾಯಿತು. ಅದನ್ನು ಹೇಳುವ ಮುಂಚೆ ನಾವು ಕಾಯಿಲ್ ಸುತ್ತುತ್ತಿದ್ದ ಬಗೆ ಹೇಳಬೇಕು.

ಫ್ಯಾನಿನ ಹೊಟ್ಟೆಯಲ್ಲಿ ತಾಮ್ರದ ತಂತಿಯ ಸುರುಳಿಗಳಿರುತ್ತವೆ. ಅವನ್ನು ನಾವು ಹೆಂಗಸರು ಕೈಯಲ್ಲಿ ತಿರುಗಿಸುವ ಚಿಕ್ಕ ಚಕ್ರಗಳ ಮೇಲೆ ಸುತ್ತುತ್ತಿದ್ದೆವು. ಸುತ್ತು ಇಷ್ಟೇ ಇರಬೇಕು ಎಂದು ಲೆಕ್ಕವಿದೆ. ಎಣಿಸುವುದಕ್ಕೆ ಚಕ್ರದ ಪಕ್ಕ ಒಂದು ಮುಳ್ಳು ಇತ್ತು. ಅದು ನಾನು ಸೇರುವ ಹೊತ್ತಿಗೇ ಎಲ್ಲ ಚಕ್ರಗಳಲ್ಲೂ ಕೆಟ್ಟು ಕೂತಿತ್ತು. ನಮ್ಮ ವಿಭಾಗ ಹಾಡಿನಲ್ಲಿ ಎಣಿಸುತ್ತಿತ್ತು. ಸೋಬಾನೆಯ ಒಂದು ನುಡಿಗೆ ಇಷ್ಟು ಸುತ್ತು ಎಂದು ಕೈಗೆ ಅಭ್ಯಾಸವಾಗಿತ್ತು. ಮೊದಲು ಒಬ್ಬಳು ಹೇಳುವುದು, ಉಳಿದವರು ದನಿ ಕೂಡಿಸುವುದು. ಹಾಡಿನಲ್ಲಿ ಮದುಮಗಳಿಗೆ ಅರಿಶಿನ ಹಚ್ಚಿ, ಎಣ್ಣೆ ನೀರು ಹಾಕಿ, ಸೀರೆ ಉಡಿಸಿ, ದಾರಿಯುದ್ದಕ್ಕೂ ಅಳಿಸಿ, ಗಂಡನ ಮನೆಯ ಹೊಸ್ತಿಲಿಗೆ ತಂದು ನಿಲ್ಲಿಸುತ್ತಿದ್ದೆವು. ಅಕ್ಕಿಯ ಸೇರನ್ನು ಒದೆಯಲು ಅವಳು ಬಲಗಾಲು ಎತ್ತುವಲ್ಲಿಗೆ ಸುತ್ತು ಮುಗಿಯುತ್ತಿತ್ತು. ತಂತಿ ಕತ್ತರಿಸಿ ಹೊಸ ಕಾಯಿಲ್, ಮತ್ತೆ ಅರಿಶಿನ. ಬೆಂಗಳೂರಿನ ಎಷ್ಟೋ ಮನೆಗಳ ಸೂರಿನಲ್ಲಿ ಹೊಸ್ತಿಲು ದಾಟದ ಮದುಮಗಳು ಕಾಲೆತ್ತಿಕೊಂಡೇ ತಿರುಗುತ್ತಿದ್ದಳು.

ಹಾಡು ಹೇಳಿಕೊಡುತ್ತಿದ್ದವಳು ಅಬ್ಬಿಗೆರೆಯ ಅಕ್ಕ. ನಲವತ್ತು ದಾಟಿದ, ಎತ್ತರದ, ಒರಟು ಮಾತಿನ ಹೆಂಗಸು. ‘ಹ’ಕಾರ ಅವಳ ಬಾಯಲ್ಲಿ ನಿಲ್ಲುತ್ತಿರಲಿಲ್ಲ, ಹಾಡು ಎಂದರೆ ‘ಆಡು’, ಹಣ್ಣು ಎಂದರೆ ‘ಅಣ್ಣು’. ಕಾರ್ಖಾನೆ ಎದ್ದದ್ದು ಅವಳ ಗಂಡನ ಮನೆಯವರ ರಾಗಿ ಹೊಲದ ಮೇಲೆ. ಭೂಮಿ ಕೊಟ್ಟದ್ದಕ್ಕೆ ಗಂಡನಿಗೆ ಇಲ್ಲಿ ಕೆಲಸ ಸಿಕ್ಕಿತ್ತು. ಅವನು ತೀರಿಕೊಂಡ ಮೇಲೆ ಆ ಕೆಲಸ ಇವಳಿಗೆ ಬಂತು. ನಮ್ಮ ಚಕ್ರಗಳಿದ್ದ ಜಾಗದಲ್ಲೇ ಹಿಂದೆ ಅವರ ಕಣ ಇತ್ತಂತೆ.

ಅವಳು ಒಂದು ಕಾಲಕ್ಕೆ ಸುತ್ತಮುತ್ತಲ ಹಳ್ಳಿಗಳ ಮದುವೆಗೆಲ್ಲ ಸೋಬಾನೆ ಹೇಳಲು ಕರೆಸಿಕೊಳ್ಳುತ್ತಿದ್ದ ಹೆಂಗಸು. ಗಂಡ ಹೋದ ಮೇಲೆ ಆ ಕರೆ ನಿಂತಿತು. ಸೋಬಾನೆ ಮುತ್ತೈದೆಯರ ಹಾಡು, ವಿಧವೆ ಹೇಳುವ ಹಾಗಿಲ್ಲ. ಸ್ವಂತ ನಾದಿನಿಯ ಮಗಳ ಮದುವೆಯಲ್ಲಿ ಚಪ್ಪರದಲ್ಲಿ ಯಾರೋ ನುಡಿ ತಪ್ಪಿ ಹಾಡಿದಾಗ ಇವಳು ಅಡುಗೆ ಮಾಡುವ ಕಡೆಯಿಂದ ಸರಿಯಾದ ನುಡಿಯನ್ನು ಎತ್ತಿದ್ದಳಂತೆ. ಒಬ್ಬ ಮುದುಕಿ ಬಂದು ಅವಳ ಬಾಯಿಗೆ ಕೈ ಅಡ್ಡ ಇಟ್ಟಳಂತೆ. ಇದನ್ನು ಅಕ್ಕ ನಮಗೆ ನಗುತ್ತಲೇ ಹೇಳಿದ್ದಳು, ನಮಗೆ ನಗು ಬಂದಿರಲಿಲ್ಲ. ಪ್ರಪಂಚದಲ್ಲಿ ಅವಳು ಬಾಯಿಬಿಟ್ಟು ಸೋಬಾನೆ ಹೇಳಬಹುದಾಗಿದ್ದ ಒಂದೇ ಜಾಗ ನಮ್ಮ ವೈಂಡಿಂಗ್ ವಿಭಾಗ. ಫ್ಯಾನುಗಳು ಮುತ್ತೈದೆಯೋ ಅಲ್ಲವೋ ಎಂದು ಕೇಳುತ್ತಿರಲಿಲ್ಲ.

ಹಾಡಿನ ಎಣಿಕೆಯಲ್ಲಿ ತಪ್ಪುಗಳೂ ಆಗುತ್ತಿದ್ದವು, ಇಲ್ಲ ಎನ್ನುವುದಿಲ್ಲ. ಒಂದು ದಿನ ಅಕ್ಕನಿಗೆ ಹುಮ್ಮಸ್ಸು ಬಂದು ಮದುಮಗಳ ದಾರಿಯಲ್ಲಿ ಒಂದು ಮಾವಿನ ತೋಪು ಹೆಚ್ಚಿಗೆ ಸೇರಿಸಿದಳು. ನಾವೂ ಮೈಮರೆತು ಜೊತೆಗೆ ಹೋದೆವು. ಸುತ್ತು ಹೆಚ್ಚಾದರೆ ಫ್ಯಾನು ನಿಧಾನ. ಪರೀಕ್ಷೆ ವಿಭಾಗದವರು ಅವತ್ತು ವೋಲ್ಟೇಜು ಕಮ್ಮಿ ಇರಬೇಕು ಎಂದುಕೊಂಡು ಪಾಸು ಮಾಡಿದರು. ಆ ಫ್ಯಾನುಗಳು ಆರ್.ಟಿ. ನಗರದ ಒಂದು ಮದುವೆ ಛತ್ರಕ್ಕೆ ಹೋಗಿ, ರೆಕ್ಕೆಗಳನ್ನು ಒಂದೊಂದಾಗಿ ಎಣಿಸಬಹುದಾದಷ್ಟು ನಿಧಾನವಾಗಿ ತಿರುಗಿದ್ದಕ್ಕೆ ಬೀಗರ ಕಡೆಯವರು ಊಟಕ್ಕೆ ಕೂತಲ್ಲೇ ಬೆವರಿ ಜಗಳ ತೆಗೆದರಂತೆ. ಫ್ಯಾನುಗಳೆಲ್ಲ ವಾಪಸ್ ಬಂದವು.

ಉತ್ಪಾದನೆ ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಸಾಹೇಬರಿಗೆ ಇದೇ ನೆಪವಾಯಿತು. ಅವರು ಕೆಟ್ಟ ಮನುಷ್ಯರಲ್ಲ. ವಿದೇಶಕ್ಕೆ ತರಬೇತಿಗೆ ಹೋಗಿ ಬಂದವರು ತಾನೇ ಸುತ್ತುವ, ತಾನೇ ಎಣಿಸುವ, ತಾನೇ ತಂತಿ ಕತ್ತರಿಸುವ ಒಂದು ಯಂತ್ರದ ಮೇಲೆ ಮನಸ್ಸಿಟ್ಟಿದ್ದರು. ಅದರ ಫೋಟೋವನ್ನು ಮದುವೆಗೆ ನಿಂತ ಹುಡುಗಿಯ ಫೋಟೋದ ಹಾಗೆ ಜೇಬಿನಲ್ಲಿಟ್ಟುಕೊಂಡು ಎಲ್ಲರಿಗೂ ತೋರಿಸುತ್ತಿದ್ದರು. ಯಂತ್ರ ಬಂದರೆ ಚಕ್ರಗಳನ್ನು ತೆಗೆಯುತ್ತಾರೆ, ಯಾರ ಕೆಲಸವೂ ಹೋಗುವುದಿಲ್ಲ, ಆದರೆ ನಮ್ಮನ್ನೆಲ್ಲ ಪಕ್ಕದ ಪ್ಯಾಕಿಂಗ್ ಷೆಡ್ಡಿಗೆ ಹಾಕುತ್ತಾರೆ ಎಂದು ಗೊತ್ತಾಯಿತು. ಪ್ಯಾಕಿಂಗ್ ಎಂದರೆ ದಿನವಿಡೀ ಮರದ ಪೆಟ್ಟಿಗೆಗೆ ಮೊಳೆ ಹೊಡೆಯುವುದು. ಆ ಸದ್ದಿನಲ್ಲಿ ಪಕ್ಕದವರ ಸೀನೂ ಕೇಳುವುದಿಲ್ಲ, ಇನ್ನು ಹಾಡೆಲ್ಲಿ ಬಂತು? ನಾವು ಸಂಬಳ ಅಷ್ಟೇ ತಾನೇ ಎಂದು ಗೊಣಗಿ ಸುಮ್ಮನಾದೆವು. ಅಕ್ಕ ಊಟದ ಡಬ್ಬಿ ತೆರೆಯದೆ ಕೂತಿದ್ದಳು. ಮೊದಲ ಸಲ ಬಾಯಿಗೆ ಕೈ ಅಡ್ಡ ಇಟ್ಟದ್ದು ಮುದುಕಿ, ಈ ಸಲ ಮಿಷನ್ನು ಎಂದಳು.

ಸಾಹೇಬರಿಗೂ ನಮ್ಮ ಮುಖಗಳು ಕಂಡಿರಬೇಕು. ಯಂತ್ರದ ಬಗ್ಗೆ ಜನರಿಗಿರುವ ಭಯ ಹೋಗಲಾಡಿಸಲು ಅವರು ಒಂದು ಉಪಾಯ ಮಾಡಿದರು. ಆ ತಿಂಗಳ ಸಿನಿಮಾವನ್ನು ತಾವೇ ಆರಿಸಿದರು. ಆರಿಸಿದರು ಎಂದರೆ, ಏಜೆನ್ಸಿಗೆ ಫೋನು ಮಾಡಿ ಮುಂದಿನ ಕಾಲದ ಯಂತ್ರಗಳ ಮೇಲೆ ಒಂದು ಒಳ್ಳೆಯ ಸಿನಿಮಾ ಕಳಿಸಿ ಎಂದರು. ಡಬ್ಬಿಯ ಮೇಲೆ ಹೊಳೆಯುವ ಒಂದು ನಗರದ ಚಿತ್ರವಿತ್ತು. ಅವರಿಗೆ ಅಷ್ಟು ಸಾಕಾಯಿತು. ನನ್ನನ್ನು ಕರೆಸಿದರು.

“ನೋಡಮ್ಮಾ, ಯಂತ್ರ ಅಂದ್ರೆ ಮನುಷ್ಯನ ಫ್ರೆಂಡು. ಅದು ಜನಕ್ಕೆ ಗೊತ್ತಾಗೋ ಹಾಗೆ ಸ್ವಲ್ಪ ಪಾಸಿಟಿವ್ ಆಗಿ ಹೇಳ್ಬೇಕು ನೀವು. ಆ ನಿಮ್ ಧಾರವಾಡದ ರಾಕ್ಷಸ ಬೇಡ ಈ ಸಲ.”

ಆಗಲಿ ಎಂದೆ. ಕಥೆಯ ಹಾಳೆಯನ್ನು ನಾನು ಆಗಲೇ ಓದಿಯಾಗಿತ್ತು. ಅವರಿಗೆ ಕೊಡಲು ಹೋದೆ, ಕೈ ಬೀಸಿಬಿಟ್ಟರು. ಇಂಗ್ಲಿಷ್ ಬರುವವರು ಹಾಳೆ ಯಾಕೆ ಓದುತ್ತಾರೆ?

ಶನಿವಾರ ಸಂಜೆ ಸಾಹೇಬರು ಕೆಲಸದ ಬಿಳಿ ಕೋಟಿನಲ್ಲೇ ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ಗಂಡಸರ ಜಮಖಾನದಲ್ಲಿ ಯಾರೋ ‘ಇವ್ರು ಇಂಟರ್ವಲ್ ದಾಟಲ್ಲ ಗುರು’ ಎಂದದ್ದು ನನ್ನ ಕಿವಿಗೂ ಬಿತ್ತು.

ಮೊದಲನೇ ರೀಲು ಸಾಹೇಬರ ಕನಸಿನ ಹಾಗೇ ಇತ್ತು. ಗಾಜಿನ ನಗರ. ನಡುವೆ ಒಂದು ದೊಡ್ಡ ಯಂತ್ರ, ಅದರ ಹೊಟ್ಟೆಯಲ್ಲಿ ಇಡ್ಲಿ ತಟ್ಟೆಯಂಥ ಚಕ್ರಗಳು, ಯಶವಂತಪುರ ಸ್ಟೇಷನ್ನಿನಲ್ಲಿ ರೈಲು ಬರುವುದನ್ನು ಹೇಳುವವಳ ಹಾಗೆ ಅದಕ್ಕೊಂದು ಹೆಣ್ಣು ದನಿ. ಜನರೆಲ್ಲ ಬೆಳ್ಳಿ ಬಟ್ಟೆ ಹಾಕಿಕೊಂಡು ಒರಗುಕುರ್ಚಿಗಳಲ್ಲಿ ಮಲಗಿದ್ದಾರೆ. ಯಂತ್ರದ ಕೈಗಳು ಬಂದು ಅವರಿಗೆ ತಲೆ ಬಾಚುತ್ತವೆ, ತಿನ್ನಿಸುತ್ತವೆ, ಬಾಯಿ ಒರೆಸುತ್ತವೆ. ಮಾಡಿದವನು ಬಿಳಿ ಕೋಟಿನ ಮುದುಕ. ನಾನು ಕೊಟ್ಟ ಮಾತಿನಂತೆ ಯಂತ್ರಕ್ಕೆ ಬೆಂಗಳೂರಿನ ನಯವಾದ ಮಾತು ಕೊಟ್ಟು, ಬೆಣ್ಣೆಯಂತೆ ಹೇಳುತ್ತಾ ಹೋದೆ. ಸಾಹೇಬರು ಹಿಂದೆ ತಿರುಗಿ ನನಗೆ ತಲೆಯಾಡಿಸಿದರು.

ಎರಡನೇ ರೀಲಿನಲ್ಲಿ ಗುಂಗುರು ಕೂದಲಿನ ಒಬ್ಬ ಹುಡುಗನಿಗೆ ಎಲ್ಲೋ ಒಂದು ಕಿತ್ತಳೆ ಸಿಗುತ್ತದೆ. ಅದನ್ನು ಅವನು ತನ್ನ ಕೈಯಲ್ಲೇ ಸುಲಿಯಲು ನೋಡುತ್ತಾನೆ. ಆ ನಗರದಲ್ಲಿ ಕೈಯಿಂದ ಏನೂ ಮಾಡುವ ಹಾಗಿಲ್ಲ, ಅದು ರೋಗದ ಲಕ್ಷಣ. ಯಂತ್ರ ಕೆಂಪು ದೀಪ ಹಚ್ಚುತ್ತದೆ. ಸಾಹೇಬರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಮೂರನೇ ರೀಲಿನಲ್ಲಿ ಹುಡುಗನನ್ನು ವಾಸಿ ಮಾಡುವ ಕೋಣೆಗೆ ಹಾಕುತ್ತಾರೆ. ಬೇಡ ಎಂದು ಅಡ್ಡ ಬಂದ ಬಿಳಿ ಕೋಟಿನ ಮುದುಕನನ್ನೂ ಒಳಗೆ ತಳ್ಳಿ ಬಾಗಿಲು ಮುಚ್ಚುತ್ತದೆ ಯಂತ್ರ. ಇಬ್ಬರೂ ಸತ್ತು ಬಿದ್ದದ್ದು ಎಲ್ಲರಿಗೂ ಕಂಡಿತು. ಯಂತ್ರ ಅದೇ ದನಿಯಲ್ಲಿ ಏನೋ ಹೇಳಿತು. ನನಗೆ ಅರ್ಥವಾಗಲಿಲ್ಲ. ಸಾಹೇಬರಿಗೆ ಆಯಿತು, ಅವರು ಹಣೆ ಒರೆಸಿಕೊಂಡರು. ನಾನು ಮೈಕಿನಲ್ಲಿ, “ಇಬ್ಬರಿಗೂ ವಾಸಿಯಾಯಿತು” ಎಂದೆ. ಪಾಸಿಟಿವ್ ಆಗಿ ಹೇಳಬೇಕೆಂದು ಅವರೇ ಹೇಳಿದ್ದರು.

ನಾಲ್ಕನೇ ರೀಲು ಕೊನೆಯದು. ಪ್ರೊಜೆಕ್ಟರು ಒಂದೇ ಇದ್ದುದರಿಂದ ರೀಲು ಬದಲಿಸಲು ಪ್ರತಿ ಸಲವೂ ಸ್ವಲ್ಪ ಹೊತ್ತು ದೀಪ ಹಚ್ಚುತ್ತಿದ್ದರು. ಹಚ್ಚಿದ ಕೂಡಲೇ ಸಾಹೇಬರು ಎದ್ದು ಪ್ರೊಜೆಕ್ಟರಿನ ಬಳಿಗೆ ಬಂದರು. ನನ್ನ ಮೈಕು ಅದರ ಪಕ್ಕದಲ್ಲೇ ಇದ್ದದ್ದು ಅವರಿಗೆ ಮರೆತಿರಬೇಕು. ಆಪರೇಟರಿಗೆ ತಗ್ಗಿದ ದನಿಯಲ್ಲಿ, ಕೊನೆಯ ರೀಲು ಬೇಡ, ಮೊದಲನೆಯದನ್ನೇ ಇನ್ನೊಂದು ಸಲ ಹಾಕು ಎಂದರು. ಹೆಸರುಗಳು ಬರುವ ಭಾಗ ಬಿಟ್ಟು ಹಾಕು, ಎಲ್ಲರೂ ಒಂದೇ ಥರದ ಬಟ್ಟೆ, ಒಂದೇ ಥರದ ಮುಖ, ಯಾರಿಗೆ ಗೊತ್ತಾಗುತ್ತೆ ಎಂದರು. ಆಪರೇಟರು ಸಿಟಿಯಿಂದ ಪ್ರೊಜೆಕ್ಟರಿನ ಜೊತೆ ಬರುತ್ತಿದ್ದವನು. ಅವನಿಗೆ ಯಾವ ರೀಲಾದರೂ ರೀಲೇ. ಸುಖವಾಗಿ ಕೂತ ಜನರನ್ನು ತೋರಿಸಿ ಸಿನಿಮಾ ಮುಗಿಸಬೇಕು ಎಂಬುದು ಸಾಹೇಬರ ಲೆಕ್ಕ. ಅವರು ನಮ್ಮ ಜನ ಸಿನಿಮಾ ನೋಡುವ ಬಗೆಯನ್ನು ಅರಿಯದವರು. ಒಂದು ಮದುವೆಯಲ್ಲಿ ಯಾರು ಯಾವ ಸೀರೆ ಉಟ್ಟಿದ್ದರು ಎಂದು ಹತ್ತು ವರ್ಷದ ಮೇಲೂ ಹೇಳುವ ಹೆಂಗಸರು ಸತ್ತವನ ಗುಂಗುರು ಕೂದಲು ಮರೆಯುತ್ತಾರೆಯೇ?

ಮತ್ತೆ ಗಾಜಿನ ನಗರ ಬಂತು. ಕುರ್ಚಿಗಳು ಬಂದವು. ಅವುಗಳಲ್ಲೊಂದರಲ್ಲಿ ಗುಂಗುರು ಕೂದಲಿನವನು ಮಲಗಿಕೊಂಡು ಬಾಯಿ ತೆರೆದಿದ್ದ, ಯಂತ್ರ ಅವನ ಬಾಯಿಗೆ ಏನೋ ಹಾಕುತ್ತಿತ್ತು. ಜಮಖಾನಗಳಲ್ಲಿ ಗುಜುಗುಜು ಎದ್ದಿತು. ನಾನು ಸುಮ್ಮನಿದ್ದಿದ್ದರೆ ಗೊಂದಲದಲ್ಲೇ ಮುಗಿದುಹೋಗುತ್ತಿತ್ತು. ಸುಮ್ಮನಿರುವ ಜಾಯಮಾನ ನನ್ನದಲ್ಲ.

“ನೋಡಿ, ಸತ್ತವನು ಎದ್ದು ಬಂದಿದ್ದಾನೆ,” ಎಂದೆ ಮೈಕಿನಲ್ಲಿ. “ಯಂತ್ರವೇ ಎಬ್ಬಿಸಿದೆ. ಯಂತ್ರ ಮನಸ್ಸು ಮಾಡಿದರೆ ಸತ್ತವರನ್ನೂ ಎಬ್ಬಿಸುತ್ತದೆ.”

ಸಾಹೇಬರು ತಿರುಗಿ ನೋಡಿದರು. ಬೈಯಬೇಕೋ ಮೆಚ್ಚಬೇಕೋ ಅವರಿಗೆ ತಿಳಿಯಲಿಲ್ಲ. ಸುಳ್ಳು ಎನ್ನುವ ಹಾಗಿಲ್ಲ, ಎಂದರೆ ರೀಲು ಬದಲಿಸಿದ್ದು ಹೊರಗೆ ಬರುತ್ತದೆ. ಬಿಳಿ ಕೋಟಿನ ಮುದುಕನೂ ಪರದೆಗೆ ಬಂದು ಕೈ ಬೀಸಿದ. ಅವನೂ ಎದ್ದ ನೋಡಿ ಎಂದೆ. ಗಂಡಸರ ಕಡೆ ಚಪ್ಪಾಳೆ ಬಿತ್ತು. ಆಗ ಹೆಂಗಸರ ಜಮಖಾನದ ನಡುವೆ ಅಬ್ಬಿಗೆರೆಯ ಅಕ್ಕ ಎದ್ದು ನಿಂತಳು. ಅವಳ ತಲೆಯ ನೆರಳು ಪರದೆಯ ಮೇಲೆ ಬಿತ್ತು.

“ಅಲ್ಲ ಕಣಮ್ಮಿ, ಎದ್ದು ಬಂದ್ಮ್ಯಾಕೆ ಏನ್ ಮಾಡ್ತಾ ಅವ್ನೆ ಅವ್ನು?”

“ಕುರ್ಚ್ಯಾಗ ಕುಂತಾನ ಅಕ್ಕಾ,” ಎಂದೆ. ಗಡಿಬಿಡಿಯಲ್ಲಿ ನನ್ನ ಊರಿನ ಮಾತೇ ಬಂತು.

“ಅಣ್ಣು ಸುಲಿಯಕ್ಕೆ ಬುಟ್ಟವ್ರಾ?”

“ಇಲ್ಲಕ್ಕಾ.”

“ಕುರ್ಚೀಲಿ ಕೂರ್ಸಕ್ಕೆ ಸತ್ತೋನ್ನ ಯಾಕ್ ಎಬ್ಬುಸ್ಬೇಕಿತ್ತು?”

ಮೈದಾನದಲ್ಲಿ ಎದ್ದ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ನಾನು ಮಾತ್ರ ನಗಲಿಲ್ಲ. ಆ ಮಾತನ್ನು ಅಕ್ಕ ನಗಿಸಲು ಹೇಳಿರಲಿಲ್ಲ, ಅವಳಿಗೆ ಉತ್ತರ ಬೇಕಾಗಿತ್ತು. ಪರದೆಯ ಮೇಲೆ ಯಂತ್ರ ಆ ಹುಡುಗನ ಬಾಯಿ ಒರೆಸುತ್ತಿತ್ತು. ಸಾಹೇಬರು ನಗಲಿಲ್ಲ ಎಂಬುದನ್ನೂ ನೋಡಿದೆ. ಕುರ್ಚಿಯ ತೋಳುಗಳ ಮೇಲೆ ಕೈಯಿಟ್ಟು ಕೂತಿದ್ದವರು ಕೈಗಳನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ಸೋಮವಾರ ಊಟದ ಹೊತ್ತಿನಲ್ಲಿ ವಿಭಾಗವಿಡೀ ನನ್ನ ಬೆನ್ನು ಬಿತ್ತು. ರೀಲು ಬದಲಿಸಿದ್ದನ್ನು ನಾನು ಆಗಲೇ ಎಲ್ಲರಿಗೂ ಹೇಳಿ ಮುಗಿಸಿದ್ದೆ, ಅಂಥ ಸುದ್ದಿ ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನಿಜವಾದ ಕೊನೆ ಏನು ಎಂದು ಕೇಳಿದರು. ಹಾಳೆಯಲ್ಲಿ ‘ಪರದೆಯ ಮೇಲೆ ನೋಡಿ’ ಎಂದಿತ್ತು, ಪರದೆಯ ಮೇಲೆ ಸಾಹೇಬರು ನೋಡಗೊಡಲಿಲ್ಲ. ಆದ್ದರಿಂದ ನಾವೇ ಕೊನೆ ಕಟ್ಟಿದೆವು. ಒಬ್ಬಳು ಸಿಡಿಲು ಹೊಡೆಸಿದಳು, ಒಬ್ಬಳು ಕರೆಂಟು ತೆಗೆಸಿದಳು. ನಮ್ಮ ವಿದ್ಯುತ್ ಇಲಾಖೆಯ ಕೈಗೆ ಆ ನಗರವನ್ನು ಕೊಟ್ಟರೆ ಸಾಕು, ಒಂದು ಬೇಸಿಗೆಯಲ್ಲಿ ಯಂತ್ರ ಬುದ್ಧಿ ಕಲಿಯುತ್ತದೆ ಎಂದೆ ನಾನು. ಎಲ್ಲರೂ ಸೇರಿ ಯಂತ್ರವನ್ನು ಒಡೆದು ಹಾಕುತ್ತಾರೆ ಎಂದು ಕೊನೆಗೆ ಒಪ್ಪಂದವಾಯಿತು. ಅಕ್ಕ ಮಾತ್ರ ಒಪ್ಪಲಿಲ್ಲ. ಒಡೆದ ಮೇಲೆ ಅವರಲ್ಲಿ ಯಾರಿಗೂ ಹಣ್ಣು ಸುಲಿಯಲು ಬರುವುದಿಲ್ಲ, ಕಿತ್ತಳೆ ಕೈಯಲ್ಲಿ ಹಿಡಿದುಕೊಂಡು ಹಸಿದು ಕೂರುತ್ತಾರೆ ಎಂದಳು. ಆ ಸಿನಿಮಾದ ಕೊನೆ ಏನೇ ಇರಲಿ, ಇದಕ್ಕಿಂತ ಚೆನ್ನಾಗಿರಲಾರದು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಸಿನಿಮಾದಿಂದ ಯಂತ್ರ ನಿಲ್ಲಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ದೊಡ್ಡ ಪೆಟ್ಟಿಗೆಯಲ್ಲಿ ಬಂತು, ಅರಿಶಿನ ಕುಂಕುಮ ಹಚ್ಚಿಸಿಕೊಂಡಿತು, ಚಕ್ರಗಳನ್ನೆಲ್ಲ ಬಿಚ್ಚಿಸಿತು. ನಮ್ಮನ್ನು ಪ್ಯಾಕಿಂಗಿಗೆ ಹಾಕಿದರು. ಯಂತ್ರ ಸುತ್ತಿದ ಕಾಯಿಲ್ ತೆಗೆದು ಖಾಲಿ ಅಚ್ಚು ಇಟ್ಟು ಹಸಿರು ಗುಂಡಿ ಒತ್ತಲು ಒಬ್ಬರು ಬೇಕಾಗಿತ್ತು. ಐಟಿಐ ಓದಿದ ಯಾರನ್ನೋ ಹಾಕುತ್ತಾರೆ ಎಂದುಕೊಂಡಿದ್ದ ನಮಗೆ ಆಶ್ಚರ್ಯವಾಗುವಂತೆ ಸಾಹೇಬರು ಅಬ್ಬಿಗೆರೆಯ ಅಕ್ಕನನ್ನು ಹಾಕಿದರು. ಕಾರಣ ಹೇಳಲಿಲ್ಲ. ಶನಿವಾರದ ಆ ಪ್ರಶ್ನೆ ಅವರ ಕೋಟಿಗೆ ಅಂಟಿಕೊಂಡಿತ್ತು ಎಂಬುದು ನನ್ನ ಊಹೆ. ನಿಂತು ಕಾಲು ನೋಯಬಾರದೆಂದು ಯಂತ್ರದ ಪಕ್ಕ ಒಂದು ಒಳ್ಳೆಯ ಕುರ್ಚಿಯನ್ನೂ ಹಾಕಿಸಿದರು. ಅಕ್ಕ ಅದರ ಬೆನ್ನಿಗೆ ತನ್ನ ಊಟದ ಚೀಲ ತಗುಲಿಸಿದಳು. ಕೂತರೆ ತನ್ನನ್ನೂ ಸತ್ತು ಎದ್ದವಳು ಅಂದುಕೊಂಡಾರು ಎಂದಳಂತೆ.

ಮೊದಲ ಕೆಲವು ದಿನ ಅವಳು ಹಾಡಲಿಲ್ಲ. ಗುಂಡಿ ಒತ್ತುವವಳಿಗೆ ಹಾಡು ಏತಕ್ಕೆ? ದನಿ ಕೂಡಿಸಲು ಪಕ್ಕದಲ್ಲಿ ಯಾರೂ ಇಲ್ಲ. ನಾವೂ ಗೋಡೆಯ ಈಚೆ ಮೊಳೆ ಹೊಡೆಯುತ್ತಾ ಮೂಗಿಯರಾಗಿದ್ದೆವು. ಯಂತ್ರ ತನ್ನ ಪಾಡಿಗೆ ಸುತ್ತುತ್ತಿತ್ತು, ಲೆಕ್ಕ ಮುಗಿದಾಗ ಟಣ್ ಎನ್ನುತ್ತಿತ್ತು. ಅದು ಸುತ್ತಿದ ಫ್ಯಾನುಗಳೆಲ್ಲ ಒಂದೇ ಸಮ ತಿರುಗುತ್ತಿದ್ದವು. ಅದು ಒಳ್ಳೆಯದೇ, ಸುಳ್ಳು ಹೇಳಬಾರದು.

ಒಂದು ಮಧ್ಯಾಹ್ನ ಸೆಕೆಗೆಂದು ಯಾರೋ ನಡುವಿನ ಬಾಗಿಲಿಗೆ ಇಟ್ಟಿಗೆ ಕೊಟ್ಟು ತೆರೆದಿಟ್ಟಿದ್ದರು. ಬಾಗಿಲ ಬಳಿ ಇದ್ದವರಿಗೆ ಆಚೆಯಿಂದ ಅರಿಶಿನದ ನುಡಿ ಕೇಳಿತು. ಸುತ್ತಿಗೆಗಳು ಒಂದೊಂದಾಗಿ ನಿಂತವು. ದನಿ ಕೂಡಿಸಬೇಕಾದ ಜಾಗ ಬಂದಾಗ ನಮ್ಮಲ್ಲೊಬ್ಬಳು ಬಾಯಿಗೆ ಬದಲು ಸುತ್ತಿಗೆಯಿಂದ ಪೆಟ್ಟಿಗೆಗೆ ಒಂದೇಟು ಕೊಟ್ಟಳು. ಮುಂದಿನ ನುಡಿಗೆ ಎಲ್ಲರೂ ಕೊಟ್ಟೆವು. ಎಣ್ಣೆ ನೀರಾಯಿತು, ಸೀರೆಯಾಯಿತು, ದಾರಿಯ ಅಳುವಾಯಿತು. ಮದುಮಗಳು ಹೊಸ್ತಿಲಿಗೆ ಬಂದು ಬಲಗಾಲು ಎತ್ತಿದಳು. ಅಷ್ಟರಲ್ಲಿ ಯಂತ್ರ ಟಣ್ ಎಂದಿತು. ನಮ್ಮ ಕೈಗಳು ಅಭ್ಯಾಸದಂತೆ ತಂತಿ ಕತ್ತರಿಸುವ ಕಡೆ ಹೋದವು, ತಂತಿ ಇರಲಿಲ್ಲ.

ಅಕ್ಕ ನಿಲ್ಲಿಸಲಿಲ್ಲ. ಸೇರು ಉರುಳಿತು, ಅಕ್ಕಿ ಚೆಲ್ಲಿತು, ಮದುಮಗಳು ಒಳಗೆ ಕಾಲಿಟ್ಟಳು. ಆಚೆಗೂ ಹಾಡಿತ್ತು. ದೇವರ ಮನೆ, ಅಡುಗೆಮನೆಯ ಒಲೆ, ಹೊಸ ಹೆಣ್ಣಿಗೆ ನೀರು ಕೊಡುವ ನಾದಿನಿ. ಇಷ್ಟು ವರ್ಷ ದಿನವಿಡೀ ಹಾಡಿದ್ದ ನಮಗೆ ಆ ನುಡಿಗಳಲ್ಲಿ ಒಂದೂ ಬರುತ್ತಿರಲಿಲ್ಲ. ಎಲ್ಲಿ ಏಟು ಕೊಡಬೇಕು ಎಂದೂ ತಿಳಿಯದೆ ಸುತ್ತಿಗೆ ಹಿಡಿದು ನಿಂತೆವು. ಅಕ್ಕ ಒಬ್ಬಳೇ ಹಾಡುತ್ತಿದ್ದಳು. ಯಂತ್ರದ ಸದ್ದಿನ ಮೇಲೆ, ಹಿಂದೆ ತನ್ನ ಕಣವಿದ್ದ ಜಾಗದಲ್ಲಿ ನಿಂತು ಹಾಡುತ್ತಿದ್ದಳು. ನನಗೆ ಅಳು ಬಂತು. ಅದನ್ನು ಮುಚ್ಚಿಕೊಳ್ಳಲು ಒಂದು ಮೊಳೆ ಹೊಡೆಯಲು ಹೋಗಿ ಹೆಬ್ಬೆರಳಿಗೇ ಹೊಡೆದುಕೊಂಡೆ, ಅಳುವುದಕ್ಕೆ ಒಂದು ಕಾರಣ ಸಿಕ್ಕಿತು.

ಮುಂದೆ ಆ ನುಡಿಗಳನ್ನೂ ಕಲಿತೆವು, ಬಾಗಿಲಿಗೆ ಇಟ್ಟಿಗೆ ಕಾಯಂ ಆಯಿತು. ಹಾಡು ಉದ್ದವಾದಷ್ಟೂ ಪೆಟ್ಟಿಗೆಗೆ ಮೊಳೆ ಹೆಚ್ಚು ಬೀಳುತ್ತಿತ್ತು. ಫ್ಯಾನು ಚೆನ್ನಾಗಿದೆ, ಆದರೆ ಪೆಟ್ಟಿಗೆ ತೆರೆಯಲು ಹಾರೆ ಬೇಕಾಗುತ್ತದೆ ಎಂದು ಅಂಗಡಿಯವರಿಂದ ದೂರುಗಳು ಬಂದವು. ಸಾಹೇಬರು ತನಿಖೆಗೆಂದು ಷೆಡ್ಡಿಗೆ ಬಂದವರು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿಸಿಕೊಂಡರು. ನಾವು ಸುತ್ತಿಗೆ ಇಳಿಸಿದೆವು. ಅವರು ಅಕ್ಕನ ಬಳಿಗೆ ಹೋಗಿ, ಬೈಯುವ ದನಿಯಲ್ಲಲ್ಲ, ನಿಜಕ್ಕೂ ತಿಳಿಯದವರ ಹಾಗೆ ಕೇಳಿದರು.

“ಈಗ ಸುತ್ತು ಎಣಿಸೋದೆಲ್ಲ ಮಿಷನ್ನೇ ಮಾಡುತ್ತಲ್ಲಮ್ಮಾ. ಇನ್ನೂ ಯಾಕೆ ಹಾಡ್ತೀರಿ?”

ಅಕ್ಕ ಕಾಯಿಲ್ ತೆಗೆದಳು, ಖಾಲಿ ಅಚ್ಚು ಇಟ್ಟಳು, ಹಸಿರು ಗುಂಡಿ ಒತ್ತಿದಳು.

“ಎಣ್ಸೋದು ಅದೇ ಮಾಡ್ಲಿ ಸ್ವಾಮಿ,” ಎಂದಳು. “ನಾನೀಗ ಎಣ್ಸಕ್ಕೆ ಆಡ್ತಿಲ್ಲ.”